ಕಾವು ಮರೆಯದ ಹ್ಯಾಟೆ

ಕೋಳಿಯನ್ನು ಕಾವಿಗೆ ಕೂರಿಸಿ ಹದಿನೆಂಟು ದಿನವಾದ ಮೇಲೆ ನಮ್ಮಜ್ಜಿ ಒಂದು ಪರೀಕ್ಷೆ ಮಾಡುತ್ತಿದ್ದಳು. ಅಗಲ ಬಾಯಿಯ ಬೋಗುಣಿಗೆ ಉಗುರುಬೆಚ್ಚಗಿನ ನೀರು ಹಾಕಿ, ನೀರು ಅಲುಗದೆ ನಿಂತ ಮೇಲೆ, ಕೋಳಿಯ ಹೊಟ್ಟೆಯಡಿಯಿಂದ ಮೊಟ್ಟೆಗಳನ್ನು ಒಂದೊಂದಾಗಿ ತೆಗೆದು ತೇಲಿಬಿಡುವುದು. ನಿಂತ ನೀರಿನಲ್ಲಿ ಮೊಟ್ಟೆ ತಾನಾಗಿ ಕುಲುಕಾಡಿದರೆ ಒಳಗೆ ಮರಿ ಇದೆ. ಕುಲುಕದೆ ತೇಲಿದ್ದು, ಮುಳುಗಿದ್ದು ಗೊಡ್ಡು. "ನೋಡಲೇ, ಒಳಗ ಹೆಂಗ್ ಒದೀತತಿ" ಎಂದು ಅವಳು ತೋರಿಸಿದಾಗ ನನಗೆ ಏಳೋ ಎಂಟೋ ವರ್ಷ. ಇವತ್ತು ಅದೇ ಕೆಲಸವನ್ನು ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಏಳನೆಯ ದಿನವೇ ಮಾಡುತ್ತೇನೆ. ಜೇಡರ ಬಲೆಯಂತೆ ಹಬ್ಬಿದ ಕೆಂಪು ನರಗಳು, ನಡುವೆ ಮಿಡಿಯುವ ಕಪ್ಪು ಚುಕ್ಕೆ ಕಾಣುತ್ತವೆ. ಆದರೂ ಬೋಗುಣಿಯ ನೀರಿನಲ್ಲಿ ಮೊಟ್ಟೆ ಕುಣಿದ ದಿನದ ರೋಮಾಂಚನವನ್ನು ಟಾರ್ಚ್ ಕೊಟ್ಟಿಲ್ಲ.

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಸುತ್ತಮುತ್ತ ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಅಡಿಕೆ ತೋಟ. ಪಾಳೆಯಗಾರರ ಕಾಲದ ಕೋಟೆಯಿರುವ ಊರು. ಒಂದು ಹರದಾರಿ ಆಚೀಚೆ ಯಾವ ಹಳ್ಳಿಗೆ ಹೋದರೂ ಹಿತ್ತಲಲ್ಲಿ ಕೋಳಿ ಕೆದರುವ ಸದ್ದು ಕೇಳುತ್ತದೆ. ಒಕ್ಕಲು ಮುಗಿದ ಕಣದಲ್ಲಿ ಉದುರಿದ ಭತ್ತ, ತಿಪ್ಪೆಯ ಹುಳ, ಮನೆಯ ನುಚ್ಚು, ತೌಡು, ಇವೇ ಅವುಗಳ ಮೇವು. ಮರಿಗಳಿರುವ ಮನೆಯವರು ಹುತ್ತದ ಹತ್ತಿರ ಹಳೆಯ ಮಡಕೆಗೆ ಸಗಣಿ, ಹುಲ್ಲು ತುಂಬಿ ಬೋರಲು ಹಾಕಿ ಬರುತ್ತಾರೆ. ಮರುದಿನ ಎತ್ತಿದರೆ ಮಡಕೆ ತುಂಬ ಗೆದ್ದಲು. ಮರಿಗಳಿಗೆ ಅದಕ್ಕಿಂತ ಒಳ್ಳೆಯ ಮೊದಲ ಊಟವನ್ನು ನಾನು ಕಂಡಿಲ್ಲ.

ಈ ಕೋಳಿಗಳ ಬಣ್ಣವನ್ನು ಹೇಳಿ ಮುಗಿಸುವುದು ಕಷ್ಟ. ಕೆಂದ, ಕರಿ, ಬೂದಿ, ಕೌಜುಗದ ಬಣ್ಣ, ಬಿಳಿಯ ಮೇಲೆ ಕರಿಚುಕ್ಕೆ, ಕರಿಯ ಮೇಲೆ ಬಿಳಿಚುಕ್ಕೆ. ಹುಂಜವಾದರೆ ಕೊರಳಲ್ಲಿ ಬೆಂಕಿಯ ಬಣ್ಣ, ಬಾಲದಲ್ಲಿ ಹಸಿರು ಹೊಳೆಯುವ ಕಪ್ಪು. ಒಂದಕ್ಕೆ ತಲೆಯ ಮೇಲೆ ಗರಿಯ ಜುಟ್ಟು, ಇನ್ನೊಂದಕ್ಕೆ ಬೋಳು ಕುತ್ತಿಗೆ. ಎರಡು ಕೋಳಿ ಒಂದೇ ಥರ ಇರುವುದಿಲ್ಲವಾದ್ದರಿಂದ ಸಂಜೆ ಗೂಡಿಗೆ ತುಂಬುವಾಗ ಎಣಿಸಬೇಕಾಗಿಲ್ಲ, ಯಾರು ಬಂದಿಲ್ಲವೆಂದು ಕಣ್ಣೇ ಹೇಳುತ್ತದೆ.

ಬಣ್ಣದ ಕಥೆ ದೂರದಿಂದ ಬಂದದ್ದು. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ ಎಂದು ಡಾರ್ವಿನ್ ಕಾಲದಿಂದ ನಂಬಿಕೊಂಡು ಬಂದಿದ್ದರು. ಆದರೆ ಕೆಂಪು ಕಾಡುಕೋಳಿಯ ಚರ್ಮ ಹಳದಿಯಲ್ಲ. ಹಾಗಾದರೆ ಹಳದಿ ಕಾಲು, ಹಳದಿ ಚರ್ಮ ಎಲ್ಲಿಂದ ಬಂತು? 2008ರಲ್ಲಿ ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳ ತಂಡ ವಂಶವಾಹಿ ಹೋಲಿಸಿ ನೋಡಿದಾಗ ಅದು ಬೂದು ಕಾಡುಕೋಳಿಯಿಂದ ಬಂದದ್ದೆಂದು ತಿಳಿಯಿತು. ಬೂದು ಕಾಡುಕೋಳಿ ನಮ್ಮದೇ ಹಕ್ಕಿ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಭದ್ರಾ ಹುಟ್ಟಿ ಹರಿಯುವ ಆ ಮಲೆಗಳಲ್ಲಿ ಇವತ್ತಿಗೂ ಬೆಳಗಿನ ಜಾವ ಕೂಗುತ್ತದೆ. ನಮ್ಮ ಗದ್ದೆಗೆ ನೀರು ಬರುವ ದಿಕ್ಕಿನ ಹಕ್ಕಿಯ ಹಳದಿ ಈಗ ಜಗತ್ತಿನ ಎಷ್ಟೋ ಕೋಳಿಗಳ ಕಾಲಲ್ಲಿದೆ. ಹಿತ್ತಲಲ್ಲಿ ಕೆದರುವ ಹಳದಿ ಕಾಲಿನ ಹ್ಯಾಟೆಯನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಹಿತ್ತಲಲ್ಲಿ ಬಣ್ಣ ಅಲಂಕಾರಕ್ಕಲ್ಲ. ಬಿಳಿ ಕೋಳಿ ಮುಗಿಲಿನಿಂದ ಹದ್ದಿಗೆ ಎದ್ದು ಕಾಣುತ್ತದೆ, ಕೌಜುಗದ ಬಣ್ಣದ್ದು ಒಣಗಿದ ಸೋಗೆಯ ನಡುವೆ ಕುಳಿತರೆ ಸಾಕಿದವರ ಕಣ್ಣಿಗೂ ಬೀಳುವುದಿಲ್ಲ. ಬೆನ್ನ ಮೇಲೆ ಅಳಿಲಿನಂತೆ ಗೆರೆಯಿರುವ ಮರಿಗಳು ತಾಯಿ ಎಚ್ಚರಿಸಿದ ಕೂಡಲೇ ನೆಲಕ್ಕೆ ಅಂಟಿ ಕೂರುತ್ತವೆ, ನೆಲವೇ ಆಗಿಬಿಡುತ್ತವೆ. ಕಾಡಿನ ಹಳೆಯ ಉಡುಪು ಅದು. ಹಿತ್ತಲಲ್ಲಿ ಸಾಕುವವರು ಮೊದಲು ಉಳಿಸಿಕೊಳ್ಳಬೇಕಾದ ಬಣ್ಣವೂ ಅದೇ.

ಸಂತೆ, ಜಾತ್ರೆಗಳಲ್ಲಿ ಮಾರುವ ಗುಲಾಬಿ, ಹಸಿರು, ನೇರಳೆ ಮರಿಗಳ ಮಾತು ಬೇರೆ. ಮಕ್ಕಳು ಅವುಗಳ ಮುಂದಿನಿಂದ ಕದಲುವುದಿಲ್ಲ. ಆ ಬಣ್ಣ ಬಳಿದದ್ದು. ಮೊಟ್ಟೆ ಕೋಳಿಗಳ ಹ್ಯಾಚರಿಯಲ್ಲಿ ಹುಟ್ಟುವ ಗಂಡು ಮರಿ ಮೊಟ್ಟೆಯನ್ನೂ ಇಡದು, ಮಾಂಸಕ್ಕೂ ಬೇಗ ಬೆಳೆಯದು. ಅಂಥವುಗಳನ್ನು ಬಣ್ಣದಲ್ಲಿ ಅದ್ದಿ ರಟ್ಟಿನ ಡಬ್ಬಿಯಲ್ಲಿ ತುಂಬಿ ಊರೂರಿಗೆ ಕಳಿಸುತ್ತಾರೆ. ತಾಯಿಯ ಬಿಸಿಯಿಲ್ಲ, ಬಲ್ಬಿನ ಬಿಸಿಯಿಲ್ಲ. ಹೆಚ್ಚಿನವು ವಾರ ಬದುಕುವುದಿಲ್ಲ. ಮಗುವಿನ ಅಂಗೈಯಲ್ಲಿ ಮರಿ ತಣ್ಣಗಾಗುವುದನ್ನು ಒಮ್ಮೆ ನೋಡಿದವರು ಅದನ್ನು ಮತ್ತೆ ಕೊಳ್ಳಲಾರರು. ದಯವಿಟ್ಟು ಕೊಳ್ಳಬೇಡಿ.

ಹಿತ್ತಲಿಗೆ ಹೊಸ ಬಣ್ಣ ಬಂದದ್ದು ಬೆಂಗಳೂರಿನ ಹೆಬ್ಬಾಳದಿಂದ. ಅಲ್ಲಿನ ಪಶುವೈದ್ಯಕೀಯ ಕಾಲೇಜಿನ ಕೋಳಿ ವಿಜ್ಞಾನ ವಿಭಾಗ, ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿದ್ದಾಗ, 1989ರಲ್ಲಿ ಗಿರಿರಾಜ ತಳಿಯನ್ನು ಬಿಡುಗಡೆ ಮಾಡಿತು. ಫಾರಂ ಕೋಳಿಯೆಂದರೆ ಬಿಳಿ ಎಂದಿದ್ದ ಕಾಲ. ನಾಟಿಯಂತೆ ಬಣ್ಣಬಣ್ಣದ, ಹಿತ್ತಲಲ್ಲಿ ಮೇದು ಬದುಕುವ, ಆದರೆ ತೂಕದಲ್ಲೂ ಮೊಟ್ಟೆಯಲ್ಲೂ ಮುಂದಿರುವ ಹಕ್ಕಿಯನ್ನು ಹಳ್ಳಿಯ ಹೆಣ್ಣುಮಕ್ಕಳಿಗಾಗಿ ಕಟ್ಟಿದ್ದು ದೊಡ್ಡ ಕೆಲಸ. ಜವಾರಿ ಕೋಳಿ ವರ್ಷಕ್ಕೆ 50ರಿಂದ 60 ಮೊಟ್ಟೆ ಇಟ್ಟರೆ ಗಿರಿರಾಜ 130ರಿಂದ 150 ಇಡುತ್ತದೆ. 2005ರಲ್ಲಿ ಬಂದ ಸ್ವರ್ಣಧಾರ 180ರಿಂದ 190 ಇಡುತ್ತದೆ. ಅದು ಗಿರಿರಾಜಕ್ಕಿಂತ ಮೈ ಹಗುರ, ಹಾಗಾಗಿ ಕಾಡುಬೆಕ್ಕು, ನರಿ ಅಟ್ಟಿಸಿಕೊಂಡು ಬಂದರೆ ಹಾರಿ ತಪ್ಪಿಸಿಕೊಳ್ಳುವುದು ಸುಲಭ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ತಳಿಗಳೂ ನಮ್ಮ ಕಡೆಯ ಹಿತ್ತಲಿಗೆ ಬಂದವು. 2019ರ ಜಾನುವಾರು ಗಣತಿಯ ಪ್ರಕಾರ ದೇಶದ 85 ಕೋಟಿ ಕೋಳಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಲ್ಲಿ ಬೆಳೆಯುವಂಥವು. ಹಿಂದಿನ ಗಣತಿಗಿಂತ ಇದು ಶೇ 46ರಷ್ಟು ಹೆಚ್ಚು. ಫಾರಂ ಕೋಳಿಗಳು ಅದೇ ಅವಧಿಯಲ್ಲಿ ಹೆಚ್ಚಿದ್ದು ಶೇ 5ಕ್ಕೂ ಕಡಿಮೆ.

ಇಷ್ಟೆಲ್ಲ ಒಳ್ಳೆಯದರ ನಡುವೆ ಒಂದು ಕಳೆದುಹೋಯಿತು, ಕಾವು. ಗಿರಿರಾಜ, ಸ್ವರ್ಣಧಾರ, ವನರಾಜ ಕೋಳಿಗಳು ಮೊಟ್ಟೆಯಿಟ್ಟು ಎದ್ದು ಹೋಗುತ್ತವೆ. ಅದು ಅವುಗಳ ತಪ್ಪಲ್ಲ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಆದ್ದರಿಂದ ಹೆಚ್ಚು ಮೊಟ್ಟೆ ಬೇಕೆಂದು ತಲೆಮಾರಿನಿಂದ ತಲೆಮಾರಿಗೆ ಆಯ್ದುಕೊಂಡು ಬಂದಾಗ ಕಾವಿನ ಗುಣ ತಾನಾಗಿ ಹಿಂದೆ ಬಿದ್ದಿತು. ಮೇಲಾಗಿ ಇವು ಬೇರೆ ಬೇರೆ ತಳಿ ಬೆರೆಸಿ ಕಟ್ಟಿದ ಹಕ್ಕಿಗಳು. ಅವುಗಳ ಮೊಟ್ಟೆಯಿಂದ ಮನೆಯಲ್ಲೇ ಮರಿ ಮಾಡಿಸಿದರೆ ಮರಿಗಳು ಒಂದೊಂದು ಒಂದೊಂದು ಥರ ಆಗುತ್ತವೆ, ತಾಯಿಯಷ್ಟು ಮೊಟ್ಟೆ ಕೊಡುವ ಭರವಸೆಯಿಲ್ಲ. ತಾಯಿಯಂಥದೇ ತಂಡ ಬೇಕೆಂದರೆ ಮತ್ತೆ ಹ್ಯಾಚರಿಯ ಬಾಗಿಲಿಗೇ ಹೋಗಬೇಕು.

ಜವಾರಿ ಕೋಳಿಯ 50–60 ಮೊಟ್ಟೆಯನ್ನು ಸೋಮಾರಿತನವೆಂದು ಲೆಕ್ಕ ಹಾಕುವವರು ಅದರ ವರ್ಷವನ್ನು ನೋಡಿಲ್ಲ. ಅದು 12–15 ಮೊಟ್ಟೆ ಇಡುತ್ತದೆ. ಆಮೇಲೆ ಗುರ್ ಎಂದು ಗದರುತ್ತ, ಗರಿ ಕೆದರಿ, ಮಂಕರಿ ಬಿಟ್ಟು ಏಳುವುದಿಲ್ಲ. 21 ದಿನ ಕಾವು. ದಿನಕ್ಕೊಮ್ಮೆ ಎದ್ದು ಹಿಕ್ಕೆ ಹಾಕಿ, ನೀರು ಕುಡಿದು, ನಾಲ್ಕು ಕಾಳು ತಿಂದು ಓಡಿ ಬರುತ್ತದೆ. ಮರಿಯಾದ ಮೇಲೆ ಎರಡು ಎರಡೂವರೆ ತಿಂಗಳು ಅವುಗಳ ಬೆನ್ನಿಗೆ. ಹೀಗೆ ವರ್ಷಕ್ಕೆ ಮೂರು ನಾಲ್ಕು ಸುತ್ತು. ಉಳಿದ ದಿನಗಳಲ್ಲಿ ಅದು ಮಾಡಿದ್ದು ಹ್ಯಾಚರಿಯ ಕೆಲಸ, ಬಿಸಿ ಕೊಡುವ ಬಲ್ಬಿನ ಕೆಲಸ, ಕಾವಲುಗಾರನ ಕೆಲಸ. ಮೂರಕ್ಕೂ ಕೂಲಿ ಹಾಕಿ ಲೆಕ್ಕ ಮಾಡಿದರೆ ಮಾತು ಬೇರೆಯಾಗುತ್ತದೆ.

ನಾನೂ ಯಂತ್ರದ ಬೆನ್ನು ಹತ್ತಿದವನೇ. ಥರ್ಮಾಕೋಲ್ ಡಬ್ಬಿ, 40 ವ್ಯಾಟಿನ ಬಲ್ಬು, ಸಣ್ಣ ಫ್ಯಾನು, ಉಷ್ಣತೆ ನೋಡಿಕೊಳ್ಳುವ ಥರ್ಮೋಸ್ಟಾಟ್, ಒಂದು ಬಟ್ಟಲು ನೀರು. ಕಾವು ಪೆಟ್ಟಿಗೆಗೆ ಬೇಕಾದ್ದು ಇಷ್ಟೇ. ಫ್ಯಾನ್ ಇದ್ದರೆ ಒಳಗೆ 37.5 ಡಿಗ್ರಿ ಸೆಲ್ಸಿಯಸ್ ನಿಲ್ಲಬೇಕು. ಅರ್ಧ ಡಿಗ್ರಿ ಏರುಪೇರು ದಿನಗಟ್ಟಲೆ ಮುಂದುವರಿದರೂ ಮರಿಯ ಮೇಲೆ ಕಾಣುತ್ತದೆ. ಗಾಳಿಯ ತೇವ ಮೊದಲ 18 ದಿನ ಶೇ 50–55, ಕೊನೆಯ ಮೂರು ದಿನ ಶೇ 65–70. ಮೊಟ್ಟೆಯನ್ನು ದಿನಕ್ಕೆ ಮೂರು ಬಾರಿಯಾದರೂ ಹೊರಳಿಸಬೇಕು, ಇಲ್ಲದಿದ್ದರೆ ಭ್ರೂಣ ಓಡಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. 18ನೆಯ ದಿನದಿಂದ ಹೊರಳಿಸುವಂತಿಲ್ಲ, ಮುಚ್ಚಳ ತೆಗೆಯುವಂತಿಲ್ಲ.

ಆ ಕೊನೆಯ ಮಾತನ್ನು ಮೊದಲ ಸಲ ನಾನು ಪಾಲಿಸಲಿಲ್ಲ. 24 ಮೊಟ್ಟೆ ಇಟ್ಟಿದ್ದೆ. 20ನೆಯ ದಿನ ಒಳಗಿನಿಂದ ಚಿಂವ್ ಎಂಬ ಸದ್ದು ಬಂತು. ತಡೆಯಲಾಗದೆ ಗಂಟೆಗೊಮ್ಮೆ ಮುಚ್ಚಳ ತೆಗೆದು ನೋಡಿದೆ. ಪ್ರತಿ ಸಲವೂ ಒಳಗಿನ ತೇವ ಹೊರಗೆ ಹೋಗುತ್ತಿತ್ತು. ಓಡು ಒಡೆದ ಮರಿಗಳ ಮೈಗೆ ಒಳಪೊರೆ ಒಣಗಿ ತೊಗಲಿನಂತೆ ಬಿಗಿದುಕೊಂಡಿತು. ಎರಡನ್ನು ನಾನೇ ಬಿಡಿಸಲು ಹೋದೆ, ರಕ್ತ ಒಸರಿತು. ಮರಿ ಓಡಿಗೆ ತೂತು ಮಾಡಿದ ಮೇಲೆ ಅರ್ಧ ದಿನ, ಕೆಲವೊಮ್ಮೆ ಇಡೀ ದಿನ ಸುಮ್ಮನಿರುತ್ತದೆ. ಆ ಹೊತ್ತಿನಲ್ಲಿ ಅದು ಉಸಿರಾಟ ಕಲಿಯುತ್ತದೆ, ಪೊರೆಯ ನರಗಳಲ್ಲಿದ್ದ ರಕ್ತವನ್ನೂ ಉಳಿದ ಹಳದಿ ಲೋಳೆಯನ್ನೂ ಒಳಗೆ ಎಳೆದುಕೊಳ್ಳುತ್ತದೆ ಎಂದು ಆಮೇಲೆ ಓದಿ ತಿಳಿದೆ. ಆ ಸಲ ಬದುಕಿದ್ದು ಆರು. ಇಪ್ಪತ್ತು ದಿನ ಕಾದವನು ಇನ್ನೊಂದು ದಿನ ಕಾಯದೆ ಹೋದದ್ದು ಇಂದಿಗೂ ನೋಯಿಸುತ್ತದೆ.

ಪಕ್ಕದ ಮನೆಯ ಅಕ್ಕ ಆ ಆರು ಮರಿಗಳನ್ನು ನೋಡಿ ಹೇಳಿದ್ದು ಒಂದೇ ಮಾತು: "ಮಿಷನ್ನು ಮರಿ ಮಾಡ್ತತಿ ತಮ್ಮಾ, ಸಾಕಾಕ ಬರಲ್ಲ ಅದಕ್ಕ." ಅವಳ ಮನೆಯಲ್ಲಿ ಒಂದು ಬೂದಿ ಹ್ಯಾಟೆ ಮೂರು ದಿನದಿಂದ ಖಾಲಿ ಮಂಕರಿಯಲ್ಲಿ ಕಾವು ಕೂತಿತ್ತು. ಕತ್ತಲಾದ ಮೇಲೆ ಅವಳೇ ಒಂದೊಂದು ಮರಿಯನ್ನು ಅದರ ರೆಕ್ಕೆಯಡಿಗೆ ತಳ್ಳಿದಳು. ಬೆಳಗ್ಗೆ ಆ ಕೋಳಿ ಆರೂ ಮರಿಗಳನ್ನು ಹಿಂದಿಟ್ಟುಕೊಂಡು ಹಿತ್ತಲಿಗೆ ಇಳಿಯಿತು, ಹೆತ್ತದ್ದು ತಾನೇ ಎಂಬಂತೆ.

ಪೆಟ್ಟಿಗೆಯಲ್ಲಿ ಬೆಳೆದ ಮರಿಗೆ ಮೊದಲ ವಾರ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸುತ್ತ ಬರಬೇಕು. ತಾಯಿಯಿದ್ದರೆ ಅದು ಯಾವುದೂ ನಮ್ಮ ತಲೆಬಿಸಿಯಲ್ಲ. ಕಾವಿಗೆ ಕೂತ ಕೋಳಿಯ ಎದೆಯ ಪುಕ್ಕ ಉದುರಿ ಬರಿಯ ಚರ್ಮ ಮೊಟ್ಟೆಗೆ ತಾಗುತ್ತದೆ. ಮೊಟ್ಟೆಯೊಳಗಿನ ಮರಿ ಹೊರಬರುವ ಮುಂಚೆಯೇ ಚಿಂವ್ ಎನ್ನುತ್ತದೆ, ಕೋಳಿ ಮೆಲ್ಲನೆ ಕ್ಲುಕ್ ಎಂದು ಉತ್ತರಿಸುತ್ತದೆ. ಹುಟ್ಟುವ ಮೊದಲೇ ತಾಯಿಯ ದನಿ ಗೊತ್ತು ಮರಿಗೆ. ಕಾಳು ಕಂಡರೆ ತಾಯಿಕೋಳಿ ತಾನು ನುಂಗದೆ ಕೊಕ್ಕಿನಿಂದ ಎತ್ತಿ ಹಾಕಿ ಕೂಗುತ್ತದೆ. ಕೋಳಿಯ ಈ ಗುಣವನ್ನು ಬಸವಣ್ಣನವರೂ ಕಂಡು ವಚನದಲ್ಲಿ ಉದಾಹರಿಸಿದ್ದಾರೆ. ಹದ್ದಿನ ನೆರಳು ಬಿದ್ದರೆ ಒಂದು ಕೂಗು, ನಾಯಿ ಬಂದರೆ ಬೇರೆ ಕೂಗು. ಇದನ್ನೆಲ್ಲ ಕಲಿಸುವ ಪೆಟ್ಟಿಗೆ ಇನ್ನೂ ಬಂದಿಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಈಗ ಎರಡನ್ನೂ ಕೂಡಿಸಿಕೊಂಡಿದ್ದೇವೆ. ಸ್ವರ್ಣಧಾರದ ಮೊಟ್ಟೆ, ಜವಾರಿಯ ಕಾವು. ಒಂದು ಕೋಳಿಯಡಿ ಹನ್ನೊಂದೋ ಹದಿಮೂರೋ ಮೊಟ್ಟೆ, ಮೈ ಮುಚ್ಚುವಷ್ಟೇ. ಬೆಸ ಸಂಖ್ಯೆ ಇಡುವುದು, ಗುಡುಗಿಗೆ ಕೆಡಬಾರದೆಂದು ಮಂಕರಿಯಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡುವುದು ಅಜ್ಜಿಯ ಕಾಲದ್ದು. ಕಬ್ಬಿಣ ಗುಡುಗನ್ನು ತಡೆಯುತ್ತದೆಂದು ನಾನು ನಂಬುವುದಿಲ್ಲ. ಆದರೂ ಅಜ್ಜಿಯ ನೆನಪಿಗೆ ಇಡುತ್ತೇನೆ.

ಬಣ್ಣ ಬೇಕೆಂದು ತಳಿ ಮಾಡುವವರಿಗೆ ಕೋಳಿಯಷ್ಟು ಬೇಗ ಪಾಠ ಹೇಳುವ ಪ್ರಾಣಿ ಇನ್ನೊಂದಿಲ್ಲ. ಮೆಂಡಲ್ ಬಟಾಣಿಯಲ್ಲಿ ಕಂಡ ನಿಯಮ ಪ್ರಾಣಿಗಳಿಗೂ ಸಲ್ಲುತ್ತದೆಂದು 1902ರಲ್ಲಿ ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ತೋರಿಸಿದ್ದು ಕೋಳಿಗಳ ಮೇಲೆಯೇ, ತಲೆಯ ಮೇಲಿನ ಕೆಂಪು ಜುಟ್ಟಿನ ಆಕಾರ ನೋಡಿ. ಬೂದಿ ಬಣ್ಣದ ರಹಸ್ಯವನ್ನು ಬಿಡಿಸಿದ್ದೂ ಅವನು ಮತ್ತು ಅವನ ಜೊತೆಗಾರ ಪನೆಟ್. ಬೂದಿ ಹುಂಜಕ್ಕೆ ಬೂದಿ ಹ್ಯಾಟೆಯನ್ನೇ ಜೋಡಿ ಮಾಡಿದರೂ ಎಲ್ಲ ಮರಿ ಬೂದಿಯಾಗುವುದಿಲ್ಲ. ಸರಾಸರಿ ನಾಲ್ಕರಲ್ಲಿ ಎರಡು ಬೂದಿ, ಒಂದು ಕರಿ, ಒಂದು ಬಿಳಿಯ ಮೇಲೆ ಸಿಡಿದಂಥ ಚುಕ್ಕೆಯದು. ಆ ಕರಿಗೂ ಚುಕ್ಕೆಯದಕ್ಕೂ ಜೋಡಿ ಮಾಡಿದರೆ ಹುಟ್ಟುವುದೆಲ್ಲ ಬೂದಿ. ಅಕ್ಕನ ಮನೆಯ ಬೂದಿ ಹ್ಯಾಟೆಯ ಮಕ್ಕಳಲ್ಲಿ ಕರಿಮರಿ ಬಂದಾಗ ಹುಂಜ ಬೇರೆ ಮನೆಯದೆಂದು ದೂರಿದ್ದರು. ಹುಂಜದ ತಪ್ಪೇನೂ ಇರಲಿಲ್ಲ.

ಇನ್ನೊಂದು ಉಪಾಯ ಮನೆಗೆ ನೇರ ಉಪಯೋಗ. ಮೈಮೇಲೆ ಅಡ್ಡ ಬಿಳಿ ಪಟ್ಟೆಗಳಿರುವ ಹ್ಯಾಟೆಗೆ ಪಟ್ಟೆಯಿಲ್ಲದ ಕರಿ ಹುಂಜವನ್ನು ಬಿಟ್ಟರೆ, ಹುಟ್ಟಿದ ದಿನವೇ ಗಂಡು ಹೆಣ್ಣು ತಿಳಿಯುತ್ತದೆ. ಗಂಡು ಮರಿಗಳ ನೆತ್ತಿಯ ಮೇಲೆ ಬಿಳಿ ಬೊಟ್ಟು, ಹೆಣ್ಣು ಮರಿಗಳ ನೆತ್ತಿ ಪೂರ ಕಪ್ಪು. ಪಟ್ಟೆಯ ಗುಣ ತಾಯಿಯಿಂದ ಗಂಡುಮಕ್ಕಳಿಗೆ ಮಾತ್ರ ಹೋಗುತ್ತದೆ. ಹುಂಜ ಬದಲಿಸುವವರು ಒಂದನ್ನು ನೆನಪಿಡಬೇಕು: ಹ್ಯಾಟೆ ಹುಂಜದ ವೀರ್ಯವನ್ನು ಒಡಲಲ್ಲಿ ಎರಡು ವಾರವಾದರೂ ಕಾಪಿಟ್ಟುಕೊಳ್ಳಬಲ್ಲದು. ಹಳೆಯ ಹುಂಜವನ್ನು ಬೇರೆ ಮಾಡಿ ಮೂರು ವಾರ ಕಳೆದ ಮೇಲೆ ಇಟ್ಟ ಮೊಟ್ಟೆಯನ್ನೇ ಹೊಸ ಹುಂಜದ್ದೆಂದು ಎಣಿಸಬೇಕು. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಒಂದೇ ಮನೆಯ ಹುಂಜ ತನ್ನ ಮಕ್ಕಳು ಮೊಮ್ಮಕ್ಕಳ ಜೊತೆಗೇ ಕೂಡುತ್ತ ಹೋದರೆ ಮರಿ ಕುಗ್ಗುತ್ತವೆ, ಮೊಟ್ಟೆ ಗೊಡ್ಡಾಗುತ್ತವೆ. ವರ್ಷಕ್ಕೊಮ್ಮೆ ಪಕ್ಕದ ಊರಿನವರೊಡನೆ ಹುಂಜ ಬದಲಿಸಿಕೊಳ್ಳುವುದು ಒಳ್ಳೆಯದು.

ಆದರೆ ನಾನು ಹುಂಜ ಆರಿಸುವಾಗ ಗರಿಯನ್ನು ಮಾತ್ರ ನೋಡುವುದಿಲ್ಲ, ಅದರ ತಾಯಿ ಯಾರೆಂದು ಕೇಳುತ್ತೇನೆ. 21 ದಿನ ಅಲುಗದೆ ಕೂತ, ಹದ್ದಿಗೆ ಎದುರಾಗಿ ಹಾರಿದ, ಹತ್ತರಲ್ಲಿ ಏಳು ಮರಿ ದೊಡ್ಡ ಮಾಡಿದ ತಾಯಿಯ ಮಗನಾದರೆ ಬಣ್ಣ ಯಾವುದಾದರೂ ಸರಿ. ಕಾವಿನ ಗುಣವೂ ರಕ್ತದಲ್ಲಿ ಇಳಿದು ಬರುವಂಥದು.

ಬೇಸಿಗೆಯಲ್ಲಿ ನಮ್ಮ ಕಡೆ ಮರಿ ಮಾಡಿಸುವುದು ಕಷ್ಟ. ಮನೆಯೊಳಗಿನ ಸೆಕೆಗೇ ಮೊಟ್ಟೆ ಅರ್ಧಂಬರ್ಧ ಬೆಳೆಯತೊಡಗಿ ಸಾಯುತ್ತದೆ. ತೇವದ ಮರಳಿನಲ್ಲಿ ಹೂತ ಮಡಕೆಯೊಳಗೆ, ಅಗಲದ ತುದಿ ಮೇಲಾಗಿ ಇಟ್ಟರೆ ವಾರದವರೆಗೆ ತಾಳುತ್ತದೆ. ವಾರಕ್ಕಿಂತ ಹಳೆಯದನ್ನು, ನೀರಲ್ಲಿ ತೊಳೆದದ್ದನ್ನು ಕಾವಿಗೆ ಇಡಬಾರದು. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲವೇ ಹದ.

ಎಲ್ಲ ಶ್ರಮವನ್ನೂ ಒಂದೇ ವಾರದಲ್ಲಿ ಮಣ್ಣು ಮಾಡುವುದು ಕೊಕ್ಕರೆ ರೋಗ. ಉತ್ತರಾಖಂಡದ ರಾಣಿಖೇತದಲ್ಲಿ 1920ರ ದಶಕದ ಕೊನೆಯಲ್ಲಿ ಗುರುತಿಸಿದ್ದರಿಂದ ರಾಣಿಖೇತ ರೋಗವೆಂದು ಪುಸ್ತಕದ ಹೆಸರು. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ತಿರುಚಿದ ಕುತ್ತಿಗೆ, ಆಮೇಲೆ ಬೀದಿಗೆ ಬೀದಿಯೇ ಖಾಲಿ. ಇದಕ್ಕೆ ಔಷಧಿಯಿಲ್ಲ, ಲಸಿಕೆ ಇದೆ. ಐದರಿಂದ ಏಳು ದಿನದ ಮರಿಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೆಯ ವಾರದ ಹೊತ್ತಿಗೆ ಇನ್ನೊಮ್ಮೆ, ಎಂಟನೆಯ ವಾರ ಚುಚ್ಚುಮದ್ದು. ತೊಡಕಿರುವುದು ಸೀಸೆಯಲ್ಲಿ. ಅದು ನೂರಾರು ಕೋಳಿಗಾಗುವಷ್ಟು ಬರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೆ ಮಂಜುಗಡ್ಡೆಯ ಮೇಲಿರಬೇಕು. ಹತ್ತು ಕೋಳಿಯ ಮನೆಯವರು ಒಂಟಿಯಾಗಿ ಅದನ್ನು ತರುವುದಿಲ್ಲ, ಯಾರೂ ತರದೆ ಎಲ್ಲರ ಕೋಳಿಯೂ ಹೋಗುತ್ತದೆ. ಹಕ್ಕಿಜ್ವರದ ಭಯ ಬೇರೆ. 2020ರ ಮಾರ್ಚ್‌ನಲ್ಲಿ ನಮ್ಮದೇ ಜಿಲ್ಲೆಯ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಅದು ದೃಢಪಟ್ಟು ಅಲ್ಲಿನ ಕೋಳಿಗಳನ್ನು ಕೊಲ್ಲಬೇಕಾಯಿತು. ಒಮ್ಮೆಗೇ ಹಲವು ಕೋಳಿ ಸತ್ತರೆ ತಿಪ್ಪೆಗೆಸೆಯದೆ, ಅಗ್ಗಕ್ಕೆ ಮಾರದೆ ಪಶು ಆಸ್ಪತ್ರೆಗೆ ತಿಳಿಸುವುದು ಅಕ್ಕಪಕ್ಕದವರಿಗೆ ಮಾಡುವ ಉಪಕಾರ.

ದಾವಣಗೆರೆ ಜಿಲ್ಲೆ ಮೆಕ್ಕೆಜೋಳದ ಸೀಮೆ. ಜಗಳೂರು, ಹೊನ್ನಾಳಿ, ನ್ಯಾಮತಿ ಕಡೆಯ ಹೊಲಗಳ ಜೋಳ ಲಾರಿಗಟ್ಟಲೆ ಕೋಳಿ ಆಹಾರದ ಕಾರ್ಖಾನೆಗಳಿಗೆ ಹೋಗುತ್ತದೆ. ಅದರಲ್ಲಿ ಒಂದು ಹಿಡಿ ಹಿತ್ತಲಲ್ಲೇ ಉಳಿದರೆ ಅದು ಮನೆಯ ಹೆಣ್ಣುಮಕ್ಕಳ ಕೈಯ ದುಡ್ಡಾಗುತ್ತದೆ. ಅಡಿಕೆಯ ದುಡ್ಡು ಗಂಡಸರ ಖಾತೆಗೆ, ಕೋಳಿಯ ದುಡ್ಡು ಸೆರಗಿನ ಗಂಟಿಗೆ. ಶಾಲೆಯ ಪುಸ್ತಕ, ಬಸ್ಸಿನ ಚಾರ್ಜು, ತವರಿಗೆ ಹೋಗುವ ದಿನದ ಹೂವು, ಎಲ್ಲ ಆ ಗಂಟಿನಿಂದಲೇ ಬಂದದ್ದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ಬಸವಾಪಟ್ಟಣದ ಸುತ್ತಿನ ಓದುಗರಲ್ಲಿ ಎರಡು ಬೇಡಿಕೆ. ಬೀದಿಯ ಹತ್ತು ಮನೆಯವರು ಸೇರಿ ಒಂದು ಸಂಜೆ ಗೊತ್ತು ಮಾಡಿ, ಪಶು ಆಸ್ಪತ್ರೆಯವರನ್ನು ಕೇಳಿ, ಗೂಡಿಗೆ ಸೇರಿದ ಕೋಳಿಗಳಿಗೆ ಒಂದೇ ಸೀಸೆಯಲ್ಲಿ ಲಸಿಕೆ ಹಾಕಿಸಿ. ಗಿರಿರಾಜವನ್ನಾದರೂ ತನ್ನಿ, ಸ್ವರ್ಣಧಾರವನ್ನಾದರೂ ತನ್ನಿ, ಕಾವಿಗೆ ಕೂರುವ ಒಂದು ಜವಾರಿ ಹ್ಯಾಟೆಯನ್ನು ಮಾತ್ರ ಹಬ್ಬಕ್ಕೂ ಕೊಯ್ಯಬೇಡಿ, ಸಂತೆಗೂ ಒಯ್ಯಬೇಡಿ.